ದಾರಿಹೋಕನ ಅಳತೆ

ಚಿಕ್ಕಮಗಳೂರಿನಿಂದ ಕೈಮರದ ಮಾರ್ಗವಾಗಿ ಬಾಬಾಬುಡನ್‌ಗಿರಿಯ ಕಡೆಗೆ ಏರುವ ಬಸ್ಸು ಅತ್ತಿಗುಂಡಿಯನ್ನು ಮುಟ್ಟುವ ಹೊತ್ತಿಗೆ ಎಷ್ಟೋ ತಿರುವುಗಳನ್ನು ಸುತ್ತಿರುತ್ತದೆ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಹೂಮಳೆ ಬಿದ್ದು ಒಂಬತ್ತು ಹತ್ತು ದಿನಗಳಾದ ಮೇಲೆ ಆ ಬೆಟ್ಟದ ದಾರಿಗಳಲ್ಲಿ ರಾತ್ರಿ ಪ್ರಯಾಣ ಮಾಡುವವನಿಗೆ ಕಣ್ಣಿನ ಹಂಗು ಬೇಕಿಲ್ಲ. ಕಾಫಿಯ ಹೂವಿನ ಪರಿಮಳ ಕಿಟಕಿಯಿಂದ ಒಳನುಗ್ಗುತ್ತದೆ. ಒಂದು ತಿರುವಿನಲ್ಲಿ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕ್ಷೀಣವಾಗುತ್ತದೆ. ಬಸ್ಸು ಎಲ್ಲಿಯೂ ನಿಲ್ಲುವುದಿಲ್ಲ. ಪ್ರಯಾಣಿಕನು ಇಳಿದು ತೋಟವನ್ನು ಹೊಕ್ಕು ನೋಡುವುದೂ ಇಲ್ಲ. ಆದರೂ ತೋಟ ಎಡಕ್ಕಿತ್ತೆ ಬಲಕ್ಕಿತ್ತೆ, ಸಮೀಪದ್ದೆ ದೂರದ್ದೆ, ಹೂವು ದಟ್ಟವಾಗಿತ್ತೆ ವಿರಳವಾಗಿತ್ತೆ ಎಂಬುದನ್ನು ಅವನು ಊರು ತಲುಪುವ ಮುನ್ನ ಮನಸ್ಸಿನಲ್ಲೇ ಬರೆದುಕೊಂಡಿರುತ್ತಾನೆ.

ಗ್ರಹವೊಂದರ ಪಕ್ಕದಲ್ಲಿ ಹಾದುಹೋಗುವ ವ್ಯೋಮನೌಕೆಯ ಕೆಲಸವೂ ಇದೇ ಬಗೆಯದು. ಅದು ಸೆಕೆಂಡಿಗೆ ಹತ್ತಾರು ಕಿಲೋಮೀಟರುಗಳ ವೇಗದಲ್ಲಿ ಬರುತ್ತದೆ, ಕೆಲವು ಗಂಟೆಗಳ ಕಾಲ ಗ್ರಹದ ಪ್ರಭಾವದಲ್ಲಿದ್ದು ಹೊರಟುಹೋಗುತ್ತದೆ. ನೆಲವನ್ನು ಮುಟ್ಟುವುದಿಲ್ಲ, ಮತ್ತೆ ತಿರುಗಿ ಬರುವ ಭರವಸೆಯೂ ಸಾಮಾನ್ಯವಾಗಿ ಇರುವುದಿಲ್ಲ. ಅಷ್ಟರಲ್ಲಿಯೇ ಆ ಗ್ರಹದ ಒಡಲಿನಲ್ಲಿ ಅಯಸ್ಕಾಂತದ ಗುಣವಿದೆಯೇ, ಇದ್ದರೆ ಎಷ್ಟು ಪ್ರಬಲ, ಯಾವ ಕಡೆಗೆ ವಾಲಿದೆ ಎಂಬುದನ್ನು ಅದು ಹೇಳಬೇಕು. ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ಬಲವನ್ನು ದಾರಿಹೋಕನೊಬ್ಬ ಹೀಗೆ ಅಳೆಯುವುದಾದರೂ ಹೇಗೆ?

ಮುಳ್ಳಿಗೆ ತಿಳಿಯದ ಭೇದ

ಅತ್ತಿಗುಂಡಿಯನ್ನು ಮಡಿಲಲ್ಲಿಟ್ಟುಕೊಂಡಿರುವ ಚಂದ್ರದ್ರೋಣ ಪರ್ವತವು ಕುದುರೆಯ ಲಾಳದ ಆಕಾರದಲ್ಲಿ ಬಾಗಿದೆ. ಅದರ ಬಂಡೆಗಳಲ್ಲಿ ಕಬ್ಬಿಣದ ಅಂಶ ಪಟ್ಟೆಪಟ್ಟೆಯಾಗಿ ಅಡಗಿದೆ. ಅದರಲ್ಲಿ ಸ್ವತಃ ಅಯಸ್ಕಾಂತದ ಗುಣವುಳ್ಳ ಮ್ಯಾಗ್ನೆಟೈಟ್ ಎಂಬ ಅದಿರೂ ಉಂಟು. ಇದೇ ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೋಡಿ ತೆಗೆದದ್ದು ಈ ಬಗೆಯ ಅದಿರನ್ನೇ. ಇಂಥ ಬಂಡೆಯ ಹತ್ತಿರ ದಿಕ್ಸೂಚಿಯನ್ನು ಹಿಡಿದರೆ ಅದರ ಮುಳ್ಳು ಉತ್ತರವನ್ನು ಬಿಟ್ಟು ಪಕ್ಕಕ್ಕೆ ವಾಲುವುದುಂಟು. ಹಾಗೆಂದು ಮುಳ್ಳು ಸುಳ್ಳು ಹೇಳಿತೆನ್ನಲಾಗದು. ಭೂಮಿಯ ಸೆಳೆತ, ಬಂಡೆಯ ಸೆಳೆತ ಎರಡೂ ಕೂಡಿ ಏನಾಯಿತೋ ಅದನ್ನು ಅದು ನಿಷ್ಠೆಯಿಂದ ತೋರಿಸಿತು. ಇದು ಭೂಮಿಯದು, ಇದು ಬಂಡೆಯದು ಎಂದು ಬಿಡಿಸಿ ಹೇಳುವ ವಿವೇಕ ಮುಳ್ಳಿಗಿಲ್ಲ. ಅದು ಅಳೆಯುವವನಿಗೆ ಇರಬೇಕು. ಗ್ರಹಗಳ ಕಾಂತಕ್ಷೇತ್ರವನ್ನು ಅಳೆಯುವ ವಿದ್ಯೆಯ ಹೆಚ್ಚಿನ ಪಾಲು ಈ ಬಿಡಿಸುವಿಕೆಯಲ್ಲಿಯೇ ಇದೆ.

ಬಿಡಿಸುವುದಕ್ಕೆ ಒಂದು ನಿಯಮ ನೆರವಾಗುತ್ತದೆ. ಅಯಸ್ಕಾಂತದಿಂದ ದೂರ ಸರಿದಂತೆ ಅದರ ಬಲ ಬಹು ಬೇಗ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಬಲ ಎಂಟರಲ್ಲೊಂದು ಪಾಲು. ಮೂರರಷ್ಟಾದರೆ ಇಪ್ಪತ್ತೇಳರಲ್ಲೊಂದು ಪಾಲು. ನೌಕೆಯು ಪ್ರತಿ ಕ್ಷಣದಲ್ಲಿ ಗ್ರಹದಿಂದ ಎಷ್ಟು ದೂರದಲ್ಲಿದೆ ಎಂಬುದು ಅದರ ರೇಡಿಯೋ ಸಂಕೇತಗಳಿಂದ ಭೂಮಿಯವರಿಗೆ ತಿಳಿದಿರುತ್ತದೆ. ನೌಕೆಯಲ್ಲಿನ ಕಾಂತಮಾಪಕವು ಮೇಲೆ–ಕೆಳಗೆ, ಎಡ–ಬಲ, ಹಿಂದೆ–ಮುಂದೆ ಎಂಬ ಮೂರು ದಿಕ್ಕುಗಳಲ್ಲಿಯೂ ಬಲವನ್ನು ಅಳೆದು ಕಳುಹಿಸುತ್ತಿರುತ್ತದೆ. ಗ್ರಹ ಸಮೀಪಿಸಿದಂತೆ ಅಂಕೆಗಳು ಈ ನಿಯಮಕ್ಕೆ ತಕ್ಕಂತೆ ಏರಿ, ದೂರವಾದಂತೆ ಅದೇ ನಿಯಮಕ್ಕೆ ತಕ್ಕಂತೆ ಇಳಿದರೆ ಅದರ ಮೂಲ ಗ್ರಹದ ಒಳಗಿದೆಯೆಂದು ತಿಳಿಯಬಹುದು. ನಿಯಮಕ್ಕೆ ಹೊಂದದೆ ಉಳಿಯುವ ಏರಿಳಿತವು ಸೂರ್ಯನಿಂದ ಎಡೆಬಿಡದೆ ಬೀಸುವ ವಿದ್ಯುತ್ಕಣಗಳ ಪ್ರವಾಹದ್ದು, ಎಂದರೆ ಸೌರಮಾರುತದ್ದು ಇದ್ದೀತು.

ಅಳೆಯುವ ಉಪಕರಣದ ಗುಟ್ಟು ಸರಳವಾದುದೇ. ಬೇಗ ಕಾಂತಗೊಳ್ಳುವ ಲೋಹದ ಸಣ್ಣ ತುಂಡೊಂದಕ್ಕೆ ತಂತಿಯನ್ನು ಸುತ್ತಿ, ಅದರಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಸುತ್ತಾರೆ. ಲೋಹವು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಪೂರ್ತಿಯಾಗಿ ಕಾಂತಗೊಳ್ಳುತ್ತದೆ. ಹೊರಗೆ ಯಾವ ಕಾಂತಬಲವೂ ಇಲ್ಲದಿದ್ದರೆ ಎರಡು ಕಡೆಯೂ ಸಮನಾಗಿರುತ್ತದೆ. ಉಯ್ಯಾಲೆಯನ್ನು ಎರಡು ಕಡೆಯಿಂದಲೂ ಸಮವಾಗಿ ತೂಗುತ್ತಿರುವಾಗ ತೆಳುವಾದ ಗಾಳಿ ಬೀಸಿದರೆ ಒಂದು ಕಡೆಯ ಜೀಕು ಕೊಂಚ ಹೆಚ್ಚುವುದಿಲ್ಲವೆ? ಹಾಗೆಯೇ ಹೊರಗಿನ ಅತ್ಯಲ್ಪ ಬಲವೂ ಈ ಸಮತೆಯನ್ನು ಕೆಡಿಸುತ್ತದೆ; ಆ ಕೆಡುಕಿನ ಪ್ರಮಾಣವೇ ಅಳತೆ. ಇದಕ್ಕೆ ಫ್ಲಕ್ಸ್‌ಗೇಟ್ ಕಾಂತಮಾಪಕವೆಂದು ಹೆಸರು. ಚಿಕ್ಕಮಗಳೂರಿನ ಸುತ್ತ ಭೂಮಿಯ ಕಾಂತಬಲ ಸುಮಾರು 40,000 ನ್ಯಾನೋಟೆಸ್ಲಾ. ಭೂಮಿಯಾಚೆ, ಗ್ರಹಗಳ ನಡುವಿನ ಬಯಲಿನಲ್ಲಿ ಅದು ಐದರ ಆಸುಪಾಸು. ಎಂಟು ಸಾವಿರದಲ್ಲೊಂದು ಪಾಲಾದ ಈ ಕ್ಷೀಣ ಬಲವನ್ನೂ ಫ್ಲಕ್ಸ್‌ಗೇಟ್ ಗ್ರಹಿಸಬಲ್ಲದು.

ಮಲ್ಲಿಗೆ ಮುಡಿದವಳ ಕಷ್ಟ

ಹಾಗಾದರೆ ತೊಡಕೆಲ್ಲಿ? ಕಾಫಿಯ ಹೂವಿನ ಪರಿಮಳ ಬಹುಮಟ್ಟಿಗೆ ಮಲ್ಲಿಗೆಯನ್ನು ಹೋಲುತ್ತದೆ. ಅದೇ ಬಸ್ಸಿನಲ್ಲಿ ತಲೆತುಂಬ ಮಲ್ಲಿಗೆ ದಂಡೆ ಮುಡಿದ ಹೆಣ್ಣುಮಗಳೊಬ್ಬಳು ಕುಳಿತಿದ್ದರೆ ಹೊರಗಿನ ಕಂಪು ಎಷ್ಟು, ತನ್ನ ಮುಡಿಯ ಕಂಪು ಎಷ್ಟು ಎಂದು ಆಕೆ ಹೇಗೆ ಹೇಳಬೇಕು? ವ್ಯೋಮನೌಕೆಯ ಸಂಕಟ ಇದೇ. ಅದರ ಒಡಲಲ್ಲಿ ವಿದ್ಯುತ್ ಹರಿಯುವ ತಂತಿಗಳಿವೆ, ಮೋಟಾರುಗಳಿವೆ, ಅಯಸ್ಕಾಂತಗಳಿವೆ. ಅವೆಲ್ಲ ಸೇರಿ ನೌಕೆಗೆ ತನ್ನದೇ ಆದ ಕಾಂತಕ್ಷೇತ್ರವನ್ನು ತೊಡಿಸುತ್ತವೆ. ಗ್ರಹದ ಗುಣವನ್ನು ಅರಿಯಲು ಹೊರಟವನು ಮೊದಲು ತನ್ನ ಗುಣವನ್ನು ಕಳೆಯಬೇಕಾಗುತ್ತದೆ.

ನೆಲದ ಮೇಲಿನ ಅಳತೆಗಾರರಿಗೂ ಈ ಪಾಡು ತಪ್ಪಿದ್ದಲ್ಲ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದ ಭೂಮಿಯ ಕಾಂತಬಲವನ್ನು ಅಳೆಯುತ್ತಿದ್ದರು. ನಗರಕ್ಕೆ ವಿದ್ಯುತ್ ಟ್ರಾಮುಗಳು ಬರಲಿವೆ ಎಂದಾದಾಗ ಅಲ್ಲಿನ ಮುಖ್ಯಸ್ಥರಾಗಿದ್ದ ನಾನಾಭಾಯ್ ಮೂಸ್ ಅವರು ಟ್ರಾಮಿನ ವಿದ್ಯುತ್ತು ಅಳತೆಯನ್ನು ಕೆಡಿಸುವುದೆಂದು ಮನಗಂಡರು. ಕಡಲಾಚೆಯ ಅಲಿಬಾಗಿನಲ್ಲಿ ಅಯಸ್ಕಾಂತ ಗುಣವಿಲ್ಲದ ಕಲ್ಲನ್ನು ಆರಿಸಿ ಹೊಸ ಕಟ್ಟಡ ಕಟ್ಟಿಸಿ, 1904ರಿಂದ 1906ರವರೆಗೆ ಎರಡೂ ಊರುಗಳಲ್ಲಿ ಒಟ್ಟಿಗೆ ಅಳೆದು ತಾಳೆ ನೋಡಿ, ಆಮೇಲೆ ಕೆಲಸವನ್ನು ಅಲ್ಲಿಗೆ ವರ್ಗಾಯಿಸಿದರು. ಗದ್ದಲದಿಂದ ದೂರ ಹೋಗುವುದು, ಎರಡು ಕಡೆ ಅಳೆದು ಹೋಲಿಸುವುದು: ವ್ಯೋಮನೌಕೆ ಹಿಡಿದಿರುವ ದಾರಿಯೂ ಬಹುಮಟ್ಟಿಗೆ ಇದೇ.

ನೌಕೆ ತನ್ನಿಂದ ತಾನು ದೂರ ಹೋಗಲಾರದು. ಆದರೆ ತನ್ನ ಮೂಗನ್ನು ದೂರಕ್ಕೆ ಚಾಚಬಲ್ಲದು. ಆದುದರಿಂದಲೇ ಕಾಂತಮಾಪಕವನ್ನು ಉದ್ದನೆಯ ತೋಳಿನ ತುದಿಗೆ ಕಟ್ಟುತ್ತಾರೆ. ವಾಯೇಜರ್ ನೌಕೆಗಳ ಈ ತೋಳು 13 ಮೀಟರ್ ಉದ್ದವಿದೆ. ಅಷ್ಟೇ ಅಲ್ಲ, ಒಂದರ ಬದಲು ಎರಡು ಮಾಪಕಗಳನ್ನು, ಒಂದನ್ನು ತುದಿಯಲ್ಲಿ, ಇನ್ನೊಂದನ್ನು ನಡುವೆ ಇಡುತ್ತಾರೆ. ಇದರ ಯುಕ್ತಿ ಮನೆಯ ಮಕ್ಕಳೂ ಮಾಡಬಹುದಾದ ಲೆಕ್ಕ. ನೌಕೆಯಿಂದ 3 ಮೀಟರಿನಲ್ಲಿರುವ ಮಾಪಕ 13 ಎಂದೂ, 6 ಮೀಟರಿನಲ್ಲಿರುವುದು 6 ಎಂದೂ ತೋರಿಸಿತೆನ್ನೋಣ. ದೂರದ ಗ್ರಹಕ್ಕೆ ಈ ಮೂರು ಮೀಟರುಗಳ ಅಂತರ ಲೆಕ್ಕಕ್ಕೇ ಇಲ್ಲ. ಅದರ ಬಲ ಎರಡು ಮಾಪಕಗಳಲ್ಲಿಯೂ ಒಂದೇ. ವ್ಯತ್ಯಾಸವಾದ 7 ಪೂರ್ತಿಯಾಗಿ ನೌಕೆಯದು. ನೌಕೆಯ ಬಲ ಎರಡರಷ್ಟು ದೂರದಲ್ಲಿ ಎಂಟರಲ್ಲೊಂದಾಗುವುದರಿಂದ ಹತ್ತಿರದ ಮಾಪಕದಲ್ಲಿ ಅದರ ಪಾಲು 8, ದೂರದ್ದರಲ್ಲಿ 1. ಆ ಒಂದನ್ನು ಕಳೆದರೆ ನಿಜವಾದ ಹೊರಬಲ 5. ನಿಜಸಂಗತಿಯ ಲೆಕ್ಕ ಇದಕ್ಕಿಂತ ಬಲು ತೊಡಕಿನದಾದರೂ ತತ್ತ್ವ ಇಷ್ಟೇ. ನೌಕೆಯ ಕಂಪೂ ಸೇರಿದ ಎರಡು ಮೂಗುಗಳು ಒಂದಕ್ಕೊಂದು ಸಾಕ್ಷಿಯಾಗಿ ನಿಂತು ಹೊರಗಿನ ಕಂಪನ್ನು ಬೇರ್ಪಡಿಸುತ್ತವೆ.

ಅದಮಾರಿನ ಯುವಕ

ಗ್ರಹವೊಂದನ್ನು ಹಾದು ಅದರ ಸಮಾಚಾರವನ್ನು ಭೂಮಿಗೆ ತಿಳಿಸಿದ ಮೊದಲ ನೌಕೆ ಅಮೆರಿಕದ ಮ್ಯಾರಿನರ್–2. ಅದು 1962ರ ಡಿಸೆಂಬರ್ 14ರಂದು ಶುಕ್ರಗ್ರಹವನ್ನು ಸುಮಾರು 34,800 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಅದರ ಕಾಂತಮಾಪಕದಲ್ಲಿ ಗ್ರಹದ್ದೆಂದು ಗುರುತಿಸಬಹುದಾದ ಯಾವ ಏರಿಕೆಯೂ ಕಾಣಲಿಲ್ಲ. ಗಾತ್ರದಲ್ಲಿ ಭೂಮಿಯ ಅವಳಿಯಂತಿರುವ ಶುಕ್ರನಿಗೆ ಕಾಂತಕ್ಷೇತ್ರವೇ ಇಲ್ಲವೆಂದು ಸಾರಿಬಿಡಲು ಇದು ಸಾಕಾಗಿತ್ತೆ? ವಿಜ್ಞಾನಿಗಳು ಹಾಗೆ ಸಾರಲಿಲ್ಲ. ಇದ್ದರೂ ಅದು ಭೂಮಿಯದಕ್ಕಿಂತ ಬಹಳ ದುರ್ಬಲವಾಗಿರಬೇಕೆಂದಷ್ಟೇ ಹೇಳಿದರು. ‘ಕಾಣಲಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ನಡುವೆ ಇರುವ ಅಂತರವನ್ನು ಅವರು ದಾಟಲಿಲ್ಲ. 1978ರಲ್ಲಿ ಶುಕ್ರನನ್ನೇ ಸುತ್ತತೊಡಗಿದ ಇನ್ನೊಂದು ನೌಕೆಯ ದೀರ್ಘಕಾಲದ ಅಳತೆಗಳಿಂದ ಅದಕ್ಕೆ ಹೇಳಿಕೊಳ್ಳುವಂಥ ಸ್ವಂತ ಕಾಂತಕ್ಷೇತ್ರವಿಲ್ಲವೆಂಬುದು ಸ್ಥಿರಪಟ್ಟಿತು.

ಮ್ಯಾರಿನರ್–2ರ ಕತೆಯಲ್ಲಿ ಕನ್ನಡನಾಡಿನ ಪಾತ್ರವೊಂದುಂಟು. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರರಾಯರು ವಿಕ್ರಮ್ ಸಾರಾಭಾಯಿ ಅವರ ಶಿಷ್ಯರಾಗಿ ಸಂಶೋಧನೆ ಮುಗಿಸಿ, ಆಗ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿದ್ದರು. ಕಾನ್ವೇ ಸ್ನೈಡರ್ ಮತ್ತು ಮಾರ್ಸಿಯಾ ನ್ಯೂಗೆಬಾವರ್ ಅವರೊಡಗೂಡಿ ಅವರು ಮ್ಯಾರಿನರ್–2 ದಾರಿಯುದ್ದಕ್ಕೂ ಅಳೆದ ಸೌರಮಾರುತದ ವೇಗವನ್ನು, ಅದೇ ದಿನಗಳಲ್ಲಿ ಭೂಮಿಯ ಮೇಲಿನ ವೀಕ್ಷಣಾಲಯಗಳು ದಾಖಲಿಸಿದ್ದ ಕಾಂತಬಲದ ಏರುಪೇರಿನೊಡನೆ ತಾಳೆ ನೋಡಿದರು. ಮಾರುತ ರಭಸಗೊಂಡಾಗ ಭೂಮಿಯ ಕಾಂತಮುಳ್ಳುಗಳೂ ಹೆಚ್ಚು ತುಯ್ದಾಡಿದ್ದವು. 1963ರಲ್ಲಿ ಪ್ರಕಟವಾದ ಈ ಫಲಿತಾಂಶದ ಮಹತ್ತ್ವವೇನೆಂದರೆ, ಗ್ರಹದ ಕಾಂತಕ್ಷೇತ್ರವು ಕೋಣೆಯಲ್ಲಿಟ್ಟ ವಸ್ತುವಿನಂತೆ ನಿಶ್ಚಲವಲ್ಲ. ಸೂರ್ಯನ ಗಾಳಿ ಬೀಸಿದಂತೆ ಅದು ಕುಗ್ಗುತ್ತದೆ, ಹಿಗ್ಗುತ್ತದೆ. ಆದುದರಿಂದ ಅಳೆದ ದಿನ ಗಾಳಿ ಹೇಗಿತ್ತೆಂಬುದನ್ನು ಅರಿಯದೆ ಅಳತೆಯ ಅರ್ಥವನ್ನು ಪೂರ್ತಿಯಾಗಿ ಹೇಳಲಾಗದು. ಈ ಮಾತಿನ ತೂಕ ತಿಳಿದದ್ದು ಅರವತ್ತು ವರ್ಷಗಳ ಮೇಲೆ.

ಒಮ್ಮೆ ನೋಡಿದ್ದು, ಮತ್ತೆ ನೋಡಿದ್ದು

ಅದಕ್ಕೆ ಮುನ್ನ ಬುಧಗ್ರಹದ ಪ್ರಸಂಗವನ್ನು ಹೇಳತಕ್ಕದ್ದು. ಗ್ರಹಕ್ಕೆ ಕಾಂತಕ್ಷೇತ್ರ ಬರಬೇಕಾದರೆ ಅದರ ಗರ್ಭದಲ್ಲಿ ವಿದ್ಯುತ್ ಹರಿಯಬಲ್ಲ ದ್ರವವು ಕದಲುತ್ತಿರಬೇಕು. ಬುಧ ತೀರ ಸಣ್ಣದು, ತನ್ನ ಸುತ್ತ ತಿರುಗಲು 59 ದಿನ ತೆಗೆದುಕೊಳ್ಳುವ ಮಂದಗಾಮಿ. ಅದರ ಗರ್ಭ ಎಂದೋ ತಣ್ಣಗಾಗಿ ಗಟ್ಟಿಯಾಗಿರಬೇಕೆಂದು ಬಹುಮಂದಿ ತಿಳಿದಿದ್ದರು. 1974ರ ಮಾರ್ಚ್ 29ರಂದು ಮ್ಯಾರಿನರ್–10 ಅದರ ಕತ್ತಲೆಯ ಪಾರ್ಶ್ವದಲ್ಲಿ ಸುಮಾರು 700 ಕಿಲೋಮೀಟರ್ ಎತ್ತರದಲ್ಲಿ ಹಾದುಹೋದಾಗ ಮಾಪಕದ ಅಂಕೆ ಏರಿ 98 ನ್ಯಾನೋಟೆಸ್ಲಾ ಮುಟ್ಟಿತು. ಅದು ಗ್ರಹದ ಸ್ವಂತದ್ದೋ, ಸೌರಮಾರುತವು ಗ್ರಹಕ್ಕೆ ಅಪ್ಪಳಿಸಿ ಉಂಟುಮಾಡಿದ್ದೋ ಎಂಬ ಸಂದೇಹ ಎದ್ದಿತು. ಒಂದೇ ಪಯಣದಿಂದ ಅದು ತೀರುವಂತಿರಲಿಲ್ಲ.

ಅದೃಷ್ಟವಶಾತ್ ಈ ದಾರಿಹೋಕನು ಸೂರ್ಯನನ್ನು ಸುತ್ತಿ ಮತ್ತೆ ಬರುವವನಾಗಿದ್ದನು. ಎರಡನೆಯ ಭೇಟಿ ಬಹು ದೂರದಿಂದ ಆಯಿತು. ಕಾಂತಬಲದ ದೃಷ್ಟಿಯಿಂದ ಪ್ರಯೋಜನವಾಗಲಿಲ್ಲ. ಮೂರನೆಯ ಬಾರಿ, 1975ರ ಮಾರ್ಚ್ 16ರಂದು, ಅದು 327 ಕಿಲೋಮೀಟರಿನಷ್ಟು ಸಮೀಪದಲ್ಲಿ, ಧ್ರುವದ ಕಡೆಯ ದಾರಿಯಲ್ಲಿ ಸಾಗಿತು. ಅಂಕೆ 400ನ್ನು ಮುಟ್ಟಿತು; ಏರಿಳಿತವೂ ಗ್ರಹದ ಒಡಲಿನ ಅಯಸ್ಕಾಂತಕ್ಕೆ ಹೊಂದುವಂತಿತ್ತು. ಭೂಮಿಯದರ ನೂರರಲ್ಲೊಂದು ಪಾಲಿನಷ್ಟೇ ಆದರೂ ಬುಧನ ಕಾಂತಕ್ಷೇತ್ರ ಅದರ ಸ್ವಂತದ್ದೆಂದು ಸಿದ್ಧವಾಯಿತು. ಎರಡೂ ಬಾರಿ ಸೇರಿ ನೌಕೆ ಅದರೊಳಗೆ ಕಳೆದ ಕಾಲ ಒಂದು ಗಂಟೆಗೂ ಕಡಿಮೆ. ಆದರೆ 2011ರಿಂದ 2015ರವರೆಗೆ ಬುಧನನ್ನು ಸುತ್ತಿದ ಮೆಸೆಂಜರ್ ನೌಕೆ, ಆ ಅಯಸ್ಕಾಂತದ ನಡು ಗ್ರಹದ ನಡುವಿನಲ್ಲಿಲ್ಲ, ಸುಮಾರು 480 ಕಿಲೋಮೀಟರ್ ಉತ್ತರಕ್ಕೆ ಸರಿದಿದೆಯೆಂದು ತೋರಿಸಿತು. ಹಾದುಹೋದವನು ‘ಮನೆಯಲ್ಲಿ ದೀಪವಿದೆ’ ಎಂದು ಹೇಳಿದ್ದ. ದೀಪ ಯಾವ ಕೋಣೆಯಲ್ಲಿದೆ ಎಂಬುದನ್ನು ಹೇಳಲು ಸುತ್ತಿ ನೋಡುವವನೇ ಬೇಕಾಯಿತು.

ಹಾಗೆಂದು ಹಾದುಹೋಗುವವನನ್ನು ಹಗುರವಾಗಿ ಎಣಿಸುವಂತಿಲ್ಲ. ಗೆಲಿಲಿಯೋ ನೌಕೆ ಗುರುಗ್ರಹವನ್ನು ಸುತ್ತುತ್ತ ಅದರ ಚಂದ್ರನಾದ ಯುರೋಪಾವನ್ನು ಹಲವು ಬಾರಿ ಹಾದುಹೋಯಿತು. ಗುರುವಿನ ಕಾಂತಬಲ ಯುರೋಪಾದ ಮೇಲೆ ದಿಕ್ಕು ಬದಲಿಸುತ್ತ ಬೀಳುತ್ತದೆ. ಆಗ ಯುರೋಪಾದ ಸುತ್ತಲೂ ಒಂದು ಮರುಬಲ ಹುಟ್ಟಿ, ಅದೂ ದಿಕ್ಕು ಬದಲಿಸುವುದು ಕಂಡುಬಂದಿತು. 2000ದ ಜನವರಿ 3ರ ಭೇಟಿ ಇದನ್ನು ಖಚಿತಪಡಿಸಿತು. ಗಟ್ಟಿ ಮಂಜುಗಡ್ಡೆ ಹೀಗೆ ಮಾರ್ನುಡಿಯಲಾರದು, ಉಪ್ಪುನೀರು ಮಾರ್ನುಡಿಯಬಲ್ಲದು. ಮಾರ್ಗರೆಟ್ ಕಿವೆಲ್ಸನ್ ಮತ್ತು ಅವರ ಸಂಗಡಿಗರು ಈ ಅಂಕೆಗಳಿಂದ, ಮಂಜಿನ ಹೊದಿಕೆಯಡಿ ಸಮುದ್ರವಿರಬೇಕೆಂದು ತರ್ಕಿಸಿದರು. ಯಾರ ಕಣ್ಣಿಗೂ ಬೀಳದ ಕಡಲೊಂದರ ಸುಳಿವನ್ನು ಕಾಂತಮಾಪಕ ಕೊಟ್ಟಿತು.

ಆ ದಿನದ ಗಾಳಿ

ಯುರೇನಸ್ ಮತ್ತು ನೆಪ್ಚೂನ್ ಗ್ರಹಗಳಿಗೆ ಇಂದಿನವರೆಗೆ ಹೋದ ಅತಿಥಿ ಒಬ್ಬನೇ: ವಾಯೇಜರ್–2. ಅದು 1986ರ ಜನವರಿ 24ರಂದು ಯುರೇನಸ್ಸನ್ನೂ 1989ರ ಆಗಸ್ಟ್ 25ರಂದು ನೆಪ್ಚೂನನ್ನೂ ಹಾದುಹೋಯಿತು. ಯುರೇನಸ್ಸಿನ ಅಯಸ್ಕಾಂತದ ಅಕ್ಷವು ಅದರ ತಿರುಗುವ ಅಕ್ಷಕ್ಕೆ ಸುಮಾರು 59 ಡಿಗ್ರಿ ಓರೆಯಾಗಿ, ಗ್ರಹದ ನಡುವಿನಿಂದ ತ್ರಿಜ್ಯದ ಮೂರರಲ್ಲೊಂದು ಪಾಲಿನಷ್ಟು ಸರಿದಿರುವುದು ಕಂಡುಬಂದಿತು. ಗ್ರಹ ಮಲಗಿ ಉರುಳುತ್ತಿರುವುದೇ ಈ ಓರೆಗೆ ಕಾರಣವಿರಬಹುದೆಂದು ಕೆಲವರು ಊಹಿಸಿದರು. ಮೂರು ವರ್ಷಗಳ ಮೇಲೆ, ಹೆಚ್ಚುಕಡಿಮೆ ನೆಟ್ಟಗೆ ನಿಂತು ತಿರುಗುವ ನೆಪ್ಚೂನಿನ ಅಯಸ್ಕಾಂತವೂ 47 ಡಿಗ್ರಿ ಓರೆಯಾಗಿದ್ದುದು ತಿಳಿದಾಗ ಆ ಊಹೆ ಬಿದ್ದುಹೋಯಿತು.

ಯುರೇನಸ್ಸಿನಲ್ಲಿ ಇನ್ನೊಂದು ವಿಚಿತ್ರವೂ ಕಂಡಿತ್ತು. ಅದರ ಕಾಂತಾವರಣದಲ್ಲಿ ಇರಬೇಕಾದಷ್ಟು ವಿದ್ಯುತ್ಕಣಗಳು ಇರಲಿಲ್ಲ. ಆದುದರಿಂದ ಅದರ ಚಂದ್ರಗಳು ನಿರ್ಜೀವವಾದ ಮಂಜಿನ ಉಂಡೆಗಳೆಂಬ ಅಭಿಪ್ರಾಯ ಬಲಿಯಿತು. 2024ರ ನವೆಂಬರಿನಲ್ಲಿ ಪ್ರಕಟವಾದ ಸಂಶೋಧನೆಯೊಂದು, ವಾಯೇಜರ್ ಗ್ರಹವನ್ನು ಸೇರುವ ಮುನ್ನಿನ ದಿನಗಳಲ್ಲಿ ಅಳೆದಿದ್ದ ಸೌರಮಾರುತದ ಅಂಕೆಗಳನ್ನು ಮತ್ತೆ ತೆರೆದು ನೋಡಿತು. ನೌಕೆ ತಲುಪುವ ಮುನ್ನ ಆ ಗಾಳಿಯ ಒತ್ತಡ ಸುಮಾರು ಇಪ್ಪತ್ತರಷ್ಟು ಏರಿ ಯುರೇನಸ್ಸಿನ ಕಾಂತಾವರಣವನ್ನು ಹಿಸುಕಿಬಿಟ್ಟಿತ್ತು. ಅಂಥ ಸ್ಥಿತಿ ಅಲ್ಲಿ ನೂರು ದಿನಗಳಲ್ಲಿ ನಾಲ್ಕು ದಿನ ಇದ್ದೀತಷ್ಟೆ. ಕೆಲವು ದಿನ ಮುಂಚೆ ಹೋಗಿದ್ದರೆ ಕಾಣುತ್ತಿದ್ದ ಚಿತ್ರವೇ ಬೇರೆ. ಅಯಸ್ಕಾಂತದ ಓರೆಯ ಲೆಕ್ಕಕ್ಕೆ ಇದರಿಂದ ಬಾಧೆಯಿಲ್ಲ. ಆದರೆ ಚಂದ್ರಗಳು ನಿರ್ಜೀವವೆಂಬ ತೀರ್ಪನ್ನು ಮತ್ತೆ ವಿಚಾರಣೆಗೆ ತರಬೇಕಾಯಿತು. ಎರಡು ದಿನಕ್ಕೂ ಕಡಿಮೆ ಕಾಲ ಕಂಡದ್ದನ್ನು ಮೂವತ್ತೆಂಟು ವರ್ಷಗಳ ಕಾಲ ಗ್ರಹದ ಸ್ವಭಾವವೆಂದು ನಂಬಲಾಗಿತ್ತು. ಉಪಕರಣ ತಪ್ಪಿರಲಿಲ್ಲ, ಬಿರುಗಾಳಿಯ ದಿನವನ್ನು ನಿತ್ಯದ ದಿನವೆಂದು ಬಗೆದದ್ದೇ ಎಡವಟ್ಟಾಗಿತ್ತು.

ಬಾಗಿಲಲ್ಲಿ ನಿಂತ ಕಾವಲುಗಾರ

ಯುರೇನಸ್ಸಿಗೆ ಇಲ್ಲದ ಕಾವಲುಗಾರನೊಬ್ಬ ಭೂಮಿಗೆ ಇದ್ದಾನೆ. ಬೆಂಗಳೂರಿನ ಪೀಣ್ಯದಲ್ಲಿ, 1975ರಲ್ಲಿ ರಾಯರ ಮುಂದಾಳುತನದಲ್ಲಿ ಆರ್ಯಭಟ ಉಪಗ್ರಹ ರೂಪುಗೊಂಡ ನೆಲದಲ್ಲಿಯೇ, ಇಸ್ರೋದ ವಿದ್ಯುದ್–ದೃಗ್‌ವ್ಯವಸ್ಥೆಗಳ ಪ್ರಯೋಗಾಲಯವಿದೆ. ಆದಿತ್ಯ–ಎಲ್1 ನೌಕೆಯ ಕಾಂತಮಾಪಕವನ್ನು ರೂಪಿಸಿದ್ದು ಅಲ್ಲಿಯೇ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ 2024ರ ಜನವರಿ 6ರಂದು, ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ತನ್ನ ನೆಲೆಯನ್ನು ಸೇರಿತು. ಐದು ದಿನಗಳ ಮೇಲೆ, 132 ದಿನಗಳಿಂದ ಮಡಿಸಿಟ್ಟಿದ್ದ 6 ಮೀಟರ್ ಉದ್ದದ ತೋಳು ಸುಮಾರು ಒಂಬತ್ತು ಸೆಕೆಂಡುಗಳಲ್ಲಿ ಚಾಚಿಕೊಂಡಿತು. ಅದರ ಮೇಲೆ 3 ಮೀಟರಿನಲ್ಲಿ ಒಂದು, 6 ಮೀಟರಿನಲ್ಲಿ ಒಂದು, ಹೀಗೆ ಎರಡು ಫ್ಲಕ್ಸ್‌ಗೇಟುಗಳು. ಮೇಲೆ ಹೇಳಿದ ಕಳೆಯುವ ಲೆಕ್ಕ ಅಲ್ಲಿ ನಡೆಯುತ್ತಿರುವುದು ಹೀಗೆ.

ಆದಿತ್ಯ ಯಾವ ಗ್ರಹವನ್ನೂ ಹಾದುಹೋಗಲು ಹೊರಟದ್ದಲ್ಲ. ಸೌರಮಾರುತವು ತನ್ನನ್ನು ಹಾದು ಭೂಮಿಯ ಕಡೆಗೆ ಹೋಗುವಾಗ ಅದರ ಕಾಂತಬಲವೆಷ್ಟು, ದಿಕ್ಕು ಯಾವುದು ಎಂದು ಅದು ನಿಂತಲ್ಲಿಯೇ ಬರೆದಿಡುತ್ತದೆ. ಸಾಮಾನ್ಯ ವೇಗದ ಮಾರುತ ಅಲ್ಲಿಂದ ಭೂಮಿಯನ್ನು ತಲುಪಲು ಸುಮಾರು ಒಂದು ಗಂಟೆ ಬೇಕು. ಮಾರುತದ ಕಾಂತಬಲ ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಾವರಣದ ಬಾಗಿಲು ತೆರೆದಂತಾಗಿ, ಉಪಗ್ರಹಗಳಿಗೂ ವಿದ್ಯುತ್ ಜಾಲಗಳಿಗೂ ತೊಂದರೆ ಒದಗಬಹುದು. 2024ರ ಮೇ 10 ಮತ್ತು 11ರಂದು ಬೀಸಿದ ಪ್ರಬಲ ಸೌರ ಬಿರುಗಾಳಿಯ ಕುರುಹುಗಳು ಆದಿತ್ಯನ ಉಪಕರಣಗಳಲ್ಲಿ ದಾಖಲಾದವು. ಅಂದಿನ ಭೂಮಿಯ ಕಾಂತಬಲವನ್ನು ಮುಂದೆ ಯಾರಾದರೂ ಪರಿಶೀಲಿಸಿದರೆ ‘ಇದು ನಿತ್ಯದ ದಿನವಾಗಿರಲಿಲ್ಲ’ ಎಂಬ ಟಿಪ್ಪಣಿ ಅವರಿಗೆ ಸಿದ್ಧವಾಗಿದೆ.

ಮ್ಯಾರಿನರಿನಿಂದ ಆದಿತ್ಯನವರೆಗಿನ ಈ ಅರವತ್ತು ವರ್ಷಗಳಲ್ಲಿ ಉಪಕರಣಗಳು ಸೂಕ್ಷ್ಮವಾಗಿವೆ, ತೋಳುಗಳು ನೀಳವಾಗಿವೆ. ಆದರೂ ಅಳತೆಗಾರನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ಇದರಲ್ಲಿ ನನ್ನ ಪಾಲೆಷ್ಟು? ಇಂದಿನ ದಿನದ ಪಾಲೆಷ್ಟು? ಮೊದಲನೆಯದಕ್ಕೆ ಎರಡು ಮಾಪಕಗಳು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಮತ್ತೆ ಹೋಗಬೇಕು, ಹೆಚ್ಚು ದಿನ ಇರಬೇಕು. ಯುರೇನಸ್ಸನ್ನು ಸುತ್ತುವ ನೌಕೆಯೊಂದನ್ನು ಕಳುಹಿಸುವುದಕ್ಕೆ ಮೊದಲ ಪ್ರಾಶಸ್ತ್ಯ ಕೊಡಬೇಕೆಂದು ಅಮೆರಿಕದ ವಿಜ್ಞಾನಿಗಳ ಸಮಿತಿ 2022ರಲ್ಲಿ ಶಿಫಾರಸು ಮಾಡಿದೆ. ಅದು ಕೈಗೂಡುವವರೆಗೆ ಆ ದೂರದ ನೀಲಗ್ರಹದ ಕಾಂತಾವರಣದ ವಿಷಯದಲ್ಲಿ ಲೋಕಕ್ಕಿರುವ ಹತ್ತಿರದ ಸಾಕ್ಷ್ಯ 1986ರ ಜನವರಿಯ ಆ ಕೆಲವು ಗಂಟೆಗಳದ್ದೇ, ಅದೂ ಗಾಳಿ ಎದ್ದಿದ್ದ ದಿನದ್ದು.